ಚೇರ್ಮನ್ನರು ಪ್ರಬಲ ಆಮ್ಲವಾದದ್ದು

ವೆಂಕೋಬ ಮಾಸ್ತರ ಆ ದಿನ ಒಂಬತ್ತನೆಯ ತರಗತಿಯಲ್ಲಿ ಆಮ್ಲಗಳ ಪಾಠವನ್ನು ಪುಸ್ತಕದಲ್ಲಿ ಇದ್ದಷ್ಟೇ ಹೇಳಿ ಸುಮ್ಮನಾಗಿದ್ದರೆ ಅವನ ಸಂಸಾರ ಒಂದು ದಡ ಸೇರುತ್ತಿತ್ತು. ಆದರೆ ಮಾಸ್ತರಿಕೆ ಮಾಡುವವರಿಗೆ ಉದಾಹರಣೆ ಕೊಡುವ ಚಟವೊಂದಿರುತ್ತದೆ. ಅದು ನಶ್ಯದ ಚಟಕ್ಕಿಂತ ಕೆಟ್ಟದ್ದು. ನಶ್ಯ ಏರಿಸಿದವನ ಮೂಗಷ್ಟೇ ಹಾಳಾಗುತ್ತದೆ, ಉದಾಹರಣೆ ಕೊಟ್ಟವನು ಊರಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ.

ಅವನು ಗಬ್ಬೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ಹೆಂಡತಿ ಮಾನಮ್ಮ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಮದುವೆಯಾದಾಗಿನಿಂದ ಇವನು ಇಲ್ಲಿ, ಅವಳು ಅಲ್ಲಿ. ವಾರದ ಕೊನೆಗೆ ರಾಯಚೂರಿನ ಮೇಲೆ ಹಾಯ್ದು ಅವನು ಕಲ್ಲೂರು ಮುಟ್ಟಿದರೆ, ಅವಳು ನೀಡಿದ್ದನ್ನು ಉಂಡು ಕೈ ತೊಳೆಯುವಷ್ಟರಲ್ಲಿ ತಿರುಗಿ ಹೊರಡುವ ಹೊತ್ತು. ಗಂಡ ಹೆಂಡತಿ ಜಗಳವಾಡಲಿಕ್ಕೂ ಪುರುಸೊತ್ತಿಲ್ಲದ ಸಂಸಾರ ಅದು. ಒಂದು ಜಗಳ ಶುರು ಮಾಡಿದರೆ ಅದನ್ನು ಮುಗಿಸಲು ಮುಂದಿನ ವಾರದವರೆಗೆ ಕಾಯಬೇಕು.

ಕೊನೆಗೂ ಅವನಿಗೆ ಕಲ್ಲೂರಿನ ಪ್ರೌಢಶಾಲೆಗೆ ವರ್ಗವಾಗಿತ್ತು. ಆರ್ಡರ್ ಬಂದು ಹೆಡ್‌ಮಾಸ್ತರ ಹಂಪಯ್ಯನವರ ಟೇಬಲ್ ಮೇಲೆ ಕೂತಿತ್ತು. ಆದರೆ ಹಂಪಯ್ಯನವರು ಬಿಡುಗಡೆ ಮಾಡಲು ಒಲ್ಲರು. “ಚೇರ್ಮನ್ನರು ಹೂಂ ಅಂದು ಸಹಿ ಮಾಡ್ಲಿ, ಆಮ್ಯಾಲ ನೋಡೂಣು” ಎನ್ನುವರು. ಚೇರ್ಮನ್ನರು ಎಂದರೆ ಶಾಲಾ ಕಮಿಟಿಯ ಜಂಬಣ್ಣ. ಶಾಲೆಯ ಜಾಗ ಅವರದು, ಮಾಡಿನ ತಗಡು ಅವರದು, ಬಾವಿ ಅವರದು. ಅವರ ಮಾತು ಮೀರಿ ಶಾಲೆಯ ಗಂಟೆಯೂ ಹೊಡೆಯುತ್ತಿರಲಿಲ್ಲ.

ಈ ಜಂಬಣ್ಣ ಒಳ್ಳೆಯವರೇ. ಮುಂಜಾನೆ ಹೋಗಿ ಕೇಳಿದರೆ, “ಆತು ಬಿಡ್ರಿ ಮಾಸ್ತರ, ಸಂಜಿಗಿ ಸಹಿ ಮಾಡ್ತೀನಿ” ಎನ್ನುವರು. ಸಂಜೆ ಹೋದರೆ ಮೀಸೆ ಸವರುತ್ತಾ, “ಇಲ್ರಿ, ಯಾಕೋ ಮನಸು ಬರವಲ್ದು, ಇನ್ನ ಒಂದೀಟು ದಿನ ತಡೀರಿ” ಎನ್ನುವರು. ಹೀಗೇ ಮಳೆಗಾಲ ಕಳೆದು ಚಳಿಗಾಲ ಬಂತು. ಆ ದಿನ ಮುಂಜಾನೆ ಕೂಡ ವೆಂಕೋಬ ಶಾಲೆಗೆ ಮುನ್ನ ಅವರ ಮನೆಗೆ ಹೋಗಿದ್ದ. ಹಿಂದಿನ ದಿನ ಮುಂಜಾನೆ ಕೊಟ್ಟ ಮಾತನ್ನು ಜಂಬಣ್ಣ ಹಲ್ಲುಜ್ಜುತ್ತಲೇ ವಾಪಸು ತೆಗೆದುಕೊಂಡರು. ಬೇವಿನ ಕಡ್ಡಿ ಅವರ ಬಾಯಲ್ಲಿತ್ತು, ಕಹಿಯೆಲ್ಲ ವೆಂಕೋಬನ ಬಾಯಿಗೆ ಬಂತು. ಆ ಕಹಿಯನ್ನು ನುಂಗದೆ ಹಾಗೇ ಹೊತ್ತುಕೊಂಡು ಅವನು ಮೊದಲ ಪೀರಿಯಡ್‌ಗೆ ಹೋದ.

ಪಾಠ ಆಮ್ಲಗಳ ಹೆಸರು ಮತ್ತು ವಿಂಗಡಣೆ.

“ಆಮ್ಲಜನಕ ಒಟ್ಟ ಇಲ್ಲದ ಆಮ್ಲ ಇದ್ರ ಹೆಸರಿನ ಮುಂದ ಹೈಡ್ರೋ, ಹಿಂದ ಇಕ್. ಹೈಡ್ರೋಕ್ಲೋರಿಕ್. ಆಮ್ಲಜನಕ ಇದ್ದದ್ದಕ್ಕ ಹೈಡ್ರೋ ಹಚ್ಚಂಗಿಲ್ಲ. ಒಂದ ಮೂಲಧಾತುವಿನಿಂದ ಎರಡು ಆಮ್ಲ ಆದ್ವು ಅಂದ್ರ, ಆಮ್ಲಜನಕ ಜಾಸ್ತಿ ಇದ್ದದ್ದು ಇಕ್, ಕಡಿಮಿ ಇದ್ದದ್ದು ಅಸ್. ಗಂಧಕದ್ದು ಸಲ್ಫ್ಯೂರಿಕ್, ಸಲ್ಫ್ಯೂರಸ್. ತಿಳೀತಾ?”

ತರಗತಿ ಬಾಯಿ ತೆರೆದು ಕೂತಿತ್ತು. ಏನೂ ತಿಳಿದಿರಲಿಲ್ಲ. ಆಗ ಅವನ ಚಟ ಕೆಲಸ ಶುರು ಮಾಡಿತು.

“ಸೈಕಲ್ ಅಂಗಡಿ ಶಾಮೀದಸಾಬ ಗೊತ್ತಲ್ಲ? ಅವನ ತಮ್ಮ ಹುಸೇನಪೀರ? ಇಬ್ಬರದೂ ಒಂದ ಮನಿತನ, ಒಂದ ಅಂಗಡಿ. ಅಣ್ಣನ ಎದ್ಯಾಗ ಗಾಳಿ ಜಾಸ್ತಿ, ಓಣಿ ತುಂಬ ಕೇಳಂಗ ಮಾತಾಡ್ತಾನ. ಅಂವ ಇಕ್. ತಮ್ಮ ಬಾಯಿ ಬಿಡಂಗಿಲ್ಲ. ಅಂವ ಅಸ್.”

ತರಗತಿ ನಕ್ಕಿತು. ಎಲ್ಲರಿಗೂ ತಿಳಿಯಿತು. ವೆಂಕೋಬನಿಗೆ ಉಮೇದು ಬಂತು. ಕಲ್ಲು ಮಣ್ಣಿನ ಖನಿಜಗಳಿಂದ ಮಾಡುವುದು ಖನಿಜ ಆಮ್ಲ, ಗಿಡಮರ ಜೀವಿಗಳಿಂದ ಬರುವುದು ಸಾವಯವ ಆಮ್ಲ ಎಂದ. ಖಾನಾವಳಿಯ ಪಾರ್ವತೆಮ್ಮನ ಹುಣಸೆಹುಳಿ ಸಾರು ಸಾವಯವಕ್ಕೆ ಉದಾಹರಣೆಯಾಯಿತು. ಅದು ದುರ್ಬಲ ಅಂತಲೂ ಹೇಳಿಬಿಟ್ಟ. ದುರ್ಬಲ ಅಂದರೇನು ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

“ಪ್ರಬಲ ಆಮ್ಲ ನೀರಿಗಿ ಬಿತ್ತಂದ್ರ ಪೂರಾ ಒಡೀತದ, ಹೊಳ್ಳಿ ಕೂಡಂಗಿಲ್ಲ. ದುರ್ಬಲ ಆಮ್ಲ ಹಂಗಲ್ಲ. ಒಂದೀಟು ಒಡೀತದ, ಮತ್ತ ಕೂಡ್ತದ. ಕೊಟ್ಟಂಗ ಮಾಡಿ ವಾಪಸ್ ತಗೊಂತದ. ನಮ್ಮ ಚೇರ್ಮನ್ ಜಂಬಣ್ಣನವರು ಇದ್ದಂಗ. ಮುಂಜಾನಿ ಹೂಂ, ಸಂಜಿಗಿ ಊಹೂಂ!”

ತಗಡು ಹಾರುವಂತೆ ಮಕ್ಕಳು ನಕ್ಕರು. ಪಾಪ, ವೆಂಕೋಬನೂ ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಗಿತ್ತು. ಹುಡುಗಿಯರ ಸಾಲಿನಲ್ಲಿ ಜಂಬಣ್ಣನವರ ಮೊಮ್ಮಗಳೂ ಕೂತು ನಗುತ್ತಿದ್ದುದು ಗಂಟೆ ಹೊಡೆದ ಮೇಲೆ ಅವನ ಕಣ್ಣಿಗೆ ಬಿತ್ತು. ಆಗ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ?

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಊಟಕ್ಕೆ ಮನೆಗೆ ಹೋದರು. ರಸಾಯನಶಾಸ್ತ್ರ ಅವರಿಗಿಂತ ಮುಂದೆ ಓಡಿ ಊರು ಸೇರಿತು.

ವೆಂಕೋಬ ಖಾನಾವಳಿಯಲ್ಲಿ ಕೂತು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದ. ಬಾಯಿಗಿಟ್ಟರೆ ಬರೀ ಬಿಸಿನೀರು, ಖಾರ, ಉಪ್ಪು.

“ಯವ್ವಾ, ಸಾರಿಗಿ ಹುಳಿ ಹಾಕೋದು ಮರತೀಯೇನು?”

ಪಾರ್ವತೆಮ್ಮ ಸೌಟು ಹಿಡಿದು ಒಳಗಿನಿಂದ ಬಂದಳು. “ಮರೀಲಿಲ್ರಿ. ಇಪ್ಪತ್ತು ವರ್ಷದಿಂದ ಈ ಊರ ಹೊಟ್ಟಿ ತುಂಬಸಾಕತ್ತೀನಿ, ಇವತ್ತಿನತನಕ ಯಾರೂ ನನ್ನ ಸಾರಿಗಿ ದುರ್ಬಲ ಅಂದಿದ್ದಿಲ್ಲ. ದುರ್ಬಲ ಇದ್ದ ಮ್ಯಾಲ ಹಾಕೋದ್ಯಾಕ ಅಂತ ಬಿಟ್ಟೀನಿ.”

“ಅದು ಬೈಗುಳ ಅಲ್ಲವ್ವಾ. ಅಡಿಗಿ ಮನ್ಯಾಗಿನ ಹುಳಿ ಎಲ್ಲಾ ದುರ್ಬಲ ಆಮ್ಲನ. ಪ್ರಬಲ ಆಮ್ಲ ಉಂಡ್ರ ಕರಳು ತೂತು ಬೀಳ್ತಾವ.”

“ಅಂದ್ರ ನನ್ನ ಸಾರು ಉಂಡ್ರ ಕರಳು ತೂತು ಬೀಳಂಗಿಲ್ಲ ಅಂತ ಸಾಲ್ಯಾಗ ಹೊಗಳಿದ್ರಿ. ಭಾಳ ಉಪಕಾರ ಆತು.” ಅವಳು ರೊಟ್ಟಿಯ ಬುಟ್ಟಿಯನ್ನು ಅವನ ಕೈಗೆ ಸಿಗದಷ್ಟು ದೂರ ಸರಿಸಿದಳು. “ನನ್ನದು ಹೋಗ್ಲಿ ಬಿಡ್ರಿ. ಚೇರ್ಮನ್ನರು ಉಣ್ಣೋದ ಬಿಟ್ಟು ಎದ್ದಾರಂತ. ನಿಮ್ಮನ್ನ ಕರ್ಕೊಂಡು ಬರ್ರಿ ಅಂತ ಮಂದಿ ಕಳಿಸ್ಯಾರಂತ.”

ವೆಂಕೋಬ ಮುರಿದ ರೊಟ್ಟಿಯನ್ನು ತಟ್ಟೆಗೇ ಬಿಟ್ಟ. ಸಹಿ ಹೋಯಿತು, ಕಲ್ಲೂರು ಹೋಯಿತು, ಮಾನಮ್ಮನ ಮುಖ ಕಣ್ಣ ಮುಂದೆ ಬಂದು ಅದೂ ಹೋಯಿತು. ಯಾರಿಗೂ ಕಾಣದಂತೆ ಹಿಂದಿನ ಓಣಿಯಿಂದ ಶಾಲೆ ಸೇರಬೇಕೆಂದು ಎದ್ದ. ಹಿಂದಿನ ಓಣಿಯಲ್ಲೇ ಸೈಕಲ್ ಅಂಗಡಿ ಇತ್ತು ಎಂಬುದು ಹೆದರಿಕೆಯಲ್ಲಿ ಮರೆತುಹೋಗಿತ್ತು.

“ಮಾಸ್ತರ್ ಸಾಬ್!” ಎಂದು ಅಡ್ಡ ಬಂದವನು ಹುಸೇನಪೀರ. ಜನ್ಮದಲ್ಲಿ ಜೋರಾಗಿ ಮಾತಾಡದವನು ಇವತ್ತು ಕಣ್ಣು ಕೆಂಪು ಮಾಡಿಕೊಂಡಿದ್ದ. “ನಂದೇನ್ ಕಸೂರ್ ರೀ? ಹುಡುಗರು ಪಂಕ್ಚರ್ ಹಾಕ್ಸಾಕ ಬಂದು ಅಸ್ ಕಾಕಾ, ಅಸ್ ಕಾಕಾ ಅನ್ನಾಕತ್ಯಾರ. ಅಣ್ಣಗ ಇಕ್ ಕೊಟ್ಟೀರಿ, ನನಗ್ಯಾಕ ಕೊಡಲಿಲ್ಲ? ಇಜ್ಜತ್ ಅವಗ ಅಷ್ಟ ಅದನು?”

ಒಳಗೆ ಶಾಮೀದಸಾಬ ಸೈಕಲ್ ಸೀಟಿನ ಮೇಲೆ ಕೂತು ಮೀಸೆಯಲ್ಲೇ ನಗುತ್ತಿದ್ದ. “ಮಾಸ್ತರ್ ಓದಿದವರು ಇದ್ದಾರಲೇ. ನೋಡಿನ ಕೊಟ್ಟಾರ.”

ವೆಂಕೋಬನಿಗೆ ಅಲ್ಲಿಂದ ಪಾರಾದರೆ ಸಾಕಾಗಿತ್ತು. “ಹುಸೇನಪೀರ, ನೀ ಚಿಂತಿ ಮಾಡಬ್ಯಾಡ. ಸಲ್ಫ್ಯೂರಸ್ ಆಮ್ಲ ಗಾಳಿಗಿ ಇಟ್ರ ತಾನ ಆಮ್ಲಜನಕ ಹಿಡಕೊಂಡು ಸಲ್ಫ್ಯೂರಿಕ್ ಆಗ್ತದ. ಅಸ್ ಅನ್ನೋದು ಕಾಯಂ ಏನಲ್ಲ.”

ಇದು ಪುಸ್ತಕದ ಮಾತೇ, ಸುಳ್ಳಲ್ಲ. ಆದರೆ ಹೇಳಬಾರದ ಜಾಗದಲ್ಲಿ ಹೇಳಿದ. ಹುಸೇನಪೀರ ತಡಮಾಡದೆ ಸ್ಟೂಲು, ಪಂಪು, ಟ್ಯೂಬು ಅದ್ದುವ ನೀರಿನ ಕಬ್ಬಿಣದ ಬುಟ್ಟಿ ಎಲ್ಲ ಎತ್ತಿ ತಂದು ನಡುರಸ್ತೆಯ ಗಾಳಿಯಲ್ಲಿ ಅಂಗಡಿ ಹೂಡಿದ. ಹಿಂದಿನಿಂದ ಬಂದ ಎತ್ತಿನ ಬಂಡಿ ನಿಂತಿತು, ಅದರ ಹಿಂದೆ ಇನ್ನೊಂದು ನಿಂತಿತು. ಶಾಮೀದಸಾಬ ಬುಟ್ಟಿಯನ್ನು ಒಳಗೆ ಎಳೆದ, ಹುಸೇನಪೀರ ಹೊರಗೆ ಎಳೆದ, ನೀರೆಲ್ಲ ವೆಂಕೋಬನ ಧೋತರದ ಮೇಲೆ ಬಿತ್ತು. ಗದ್ದಲ ಕೇಳಿ ಬಂದ ಚೇರ್ಮನ್ನರ ಮಂದಿಗೆ ಅವನನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಒದ್ದೆ ಧೋತರದ ಮಾಸ್ತರನನ್ನೂ ಜಗಳ ಕಾಯುತ್ತಿದ್ದ ಅಣ್ಣತಮ್ಮಂದಿರನ್ನೂ ಒಟ್ಟಿಗೇ ಕರೆದುಕೊಂಡು ಹೋದರು.

ಜಂಬಣ್ಣ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಂಪಯ್ಯನವರು ಬೆವರು ಒರೆಸಿಕೊಳ್ಳುತ್ತಿದ್ದರು. ಊರಿನ ಕೆಲಸವಿಲ್ಲದ ಮಂದಿಯೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು, ಕೆಲಸವಿದ್ದವರೂ ಬಿಟ್ಟು ಬಂದಿದ್ದರು.

“ಬರ್ರಿ ಮಾಸ್ತರ, ಕೂಡ್ರಿ” ಎಂದರು ಜಂಬಣ್ಣ. ದನಿ ಮೆತ್ತಗಿತ್ತು. ಬೈದಿದ್ದರೇ ಚೆನ್ನಾಗಿತ್ತು. “ನನಗ ಸಾಲಿ ತಲಿಗಿ ಹತ್ತಲಿಲ್ಲ. ಈ ದುರ್ಬಲ ಆಮ್ಲ ಅಂದ್ರ ಏನ್ರಿ? ಮೊಮ್ಮಗಳು ಹೇಳಿದಳು. ಪೂರಾ ತಿಳೀಲಿಲ್ಲ.”

“ಅದು... ದುರ್ಬಲ ಬ್ಯಾರೆ, ತೆಳು ಬ್ಯಾರೆ ರೀ” ಎಂದ ವೆಂಕೋಬ, ಮುಳುಗುವವನು ಸಿಕ್ಕಿದ್ದನ್ನು ಹಿಡಿದಂತೆ. “ಪ್ರಬಲ ಆಮ್ಲಕ್ಕ ನೀರು ಬೆರಸಿದ್ರ ತೆಳು ಆಗ್ತದ, ಆದ್ರ ದುರ್ಬಲ ಆಗಂಗಿಲ್ಲ. ನೀವು ಪ್ರಬಲನ ಇದ್ದೀರಿ. ಒಂದೀಟು ತೆಳು ಆಗೀರಿ, ಅಷ್ಟ. ನಾನು ಮಕ್ಕಳಿಗಿ ಹೇಳೂ ಮುಂದ ತಪ್ಪಿತು.”

“ನನಗ ನೀರು ಬೆರಸಿದವರು ಯಾರು?”

ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಟವೆಲು ಮುಚ್ಚಿಕೊಂಡರು. ಜಂಬಣ್ಣ ನಗಲಿಲ್ಲ.

“ಬಾಯಿಲೆ ಪ್ರಬಲ ಅಂದ್ರ ಆಗಂಗಿಲ್ರಿ. ನೀವು ಸಾಲ್ಯಾಗ ಕಾಗದ ಅದ್ದಿ, ಬಣ್ಣ ನೋಡಿ, ಆಮ್ಯಾಲ ಹೆಸರು ಹೇಳ್ತೀರಂತಲ್ಲ. ನನ್ನನ್ನೂ ಹಂಗ ನೋಡ್ರಿ. ಪ್ರಬಲ ಆಮ್ಲ ಏನ್ ಮಾಡ್ತದ?”

“ಒಮ್ಮಿ ಒಡೀತಂದ್ರ... ಹೊಳ್ಳಿ ಕೂಡಂಗಿಲ್ರಿ.”

“ಒಮ್ಮಿ ಕೊಟ್ಟದ್ದು ವಾಪಸ್ ತಗೊಳಂಗಿಲ್ಲ. ಹೌದಲ್ಲೊ?” ಜಂಬಣ್ಣ ಕೈ ಚಾಚಿದರು. “ಹಂಪಯ್ಯನೋರ, ತರ್ರಿ ಆ ಕಾಗದ.”

ಹಂಪಯ್ಯನವರು ಗಾಬರಿಯಲ್ಲಿ ಬಿಡುಗಡೆಯ ಕಾಗದವನ್ನು ತಲೆಕೆಳಗಾಗಿ ಕೊಟ್ಟರು. ಜಂಬಣ್ಣ ಅದನ್ನು ಸರಿ ಮಾಡಿಕೊಂಡು, ಇಡೀ ಗಬ್ಬೂರು ನೋಡುತ್ತಿರುವಾಗ, ನಿಧಾನವಾಗಿ ಸಹಿ ಹಾಕಿದರು. “ಇದು ಈಗಿಂದೀಗ ರಾಯಚೂರ ಆಫೀಸಿಗಿ ಮುಟ್ಟಬೇಕು. ಸಂಜಿತನಕ ಮನ್ಯಾಗ ಇತ್ತಂದ್ರ ನನ್ನ ಕೈ ನನಗ ನಂಬಿಗಿ ಇಲ್ಲ. ಯಾರ ಹೋಗ್ತೀರಿ?”

“ನಾ ಹೋಗ್ತೀನಿ ರೀ!” ಎಂದು ಹುಸೇನಪೀರ ಮುಂದೆ ಬಂದ. ಬಸ್ಸಿನ ಕಿಟಕಿಯ ಪಕ್ಕ ಕೂತು ರಾಯಚೂರಿಗೆ ಹೋಗಿ ಬಂದರೆ ಸೈಕಲ್ ಅಂಗಡಿಯ ಮುಂದೆ ವರ್ಷವಿಡೀ ಸಿಗದಷ್ಟು ಗಾಳಿ ಸಿಗುತ್ತದೆ ಎಂದು ಅವನ ಲೆಕ್ಕ.

ಬಸ್ಸು ಹೋಯಿತು. ಮಂದಿ ಚದುರಿದರು. ಹೋಗುವಾಗ ಒಬ್ಬರಿಗಿಂತ ಒಬ್ಬರು, “ಚೇರ್ಮನ್ನರು ಗಟ್ಟಿ ಅದಾರ ಬಿಡು” ಎಂದುಕೊಂಡು ಹೋದರು. ವೆಂಕೋಬನಿಗೆ ಕುಣಿಯಬೇಕೆನ್ನಿಸಿತು. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದಾಗ ಜಂಬಣ್ಣ ಅವನ ರಟ್ಟೆ ಹಿಡಿದು ಎಬ್ಬಿಸಿದರು.

“ಮಾಸ್ತರ, ಒಂದು ಮಾತು. ನೀವು ಬರೋಕಿಂತ ಮೊದಲ ಈ ಸಾಲ್ಯಾಗ ವಿಜ್ಞಾನಕ್ಕ ಮಾಸ್ತರ ಇದ್ದಿಲ್ಲ. ಹುಡುಗರು ಮೆಟ್ರಿಕ್ ಕೂತು ಫೇಲಾಗಿ ಹೊಲಕ್ಕ ಹೋಗ್ತಿದ್ವು. ಮುಂಜಾನಿ ನಿಮ್ಮ ಮಕ ನೋಡಿದ್ರ ಕಳಿಸೂಣು ಅನಸ್ತಿತ್ತು. ಪಾಪ, ಹೆಂಡ್ತಿ ಬಿಟ್ಟು ಅದಾನ ಅಂತ. ಸಂಜಿಗಿ ಮೊಮ್ಮಗಳು ಅಳ್ತಿದ್ಳು. ಮಾಸ್ತರ ಹೋದ್ರ ನಾ ಸಾಲಿ ಬಿಡ್ತೀನಿ ಅಂತಿದ್ಳು. ಅದಕ್ಕ ನನ್ನ ಮಾತು ಹೊಳ್ಳತಿತ್ತು. ಬ್ಯಾರೆ ಏನೂ ಇದ್ದಿಲ್ರಿ.” ಅವರು ಎದ್ದು ಒಳಗೆ ನಡೆದರು.

ವೆಂಕೋಬ ಕಟ್ಟೆಯ ಕೆಳಗೆ ನಿಂತು ಒದ್ದೆ ಧೋತರ ಹಿಂಡಿದ. ಇಷ್ಟು ದಿನ ಆ ಮನುಷ್ಯನನ್ನು ಅವನು ಮನಸ್ಸಿನಲ್ಲಿ ಬೈಯದ ಬೈಗುಳವಿರಲಿಲ್ಲ. ಮೊಮ್ಮಗಳ ಎದುರಿಗೇ ನಗೆಪಾಟಲು ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಹಾಗಂತ ಸಹಿ ಸಿಕ್ಕಿದ ಖುಷಿಯೇನೂ ಕಡಿಮೆಯಾಗಲಿಲ್ಲ, ನಿಜ ಹೇಳಬೇಕೆಂದರೆ. ಅವನು ಮನೆಗೆ ಹೋಗಿ ಹಾಸಿಗೆ ಸುತ್ತಿದ, ಸ್ಟೋವಿನ ಸೀಮೆಎಣ್ಣೆ ಪಕ್ಕದವರಿಗೆ ಬಗ್ಗಿಸಿಕೊಟ್ಟ, ಮನೆ ಬಿಡುತ್ತೇನೆಂದು ಮಾಲೀಕನಿಗೆ ಹೇಳಿದ. ಕಲ್ಲೂರಿನಲ್ಲಿ ನಾಳೆ ಮಾನಮ್ಮ ಬಾಗಿಲು ತೆರೆದಾಗ ಅವಳ ಮುಖ ಹೇಗಿರುತ್ತದೆ ಎಂದು ನೆನೆಸಿ ಒಬ್ಬನೇ ನಕ್ಕ.

ಆ ಮುಖವನ್ನು ನೋಡಲು ಅವನು ನಾಳೆಯವರೆಗೆ ಕಾಯಬೇಕಾಗಲಿಲ್ಲ. ಸಂಜೆಯ ಬಸ್ಸಿಗೆ ಹುಸೇನಪೀರ ಬರುತ್ತಾನೆಂದು ಸ್ಟ್ಯಾಂಡಿಗೆ ಹೋಗಿ ನಿಂತಿದ್ದ. ಹುಸೇನಪೀರ ಬಸ್ಸಿನ ಮೇಲೆ ಹತ್ತಿ ಒಂದು ಟ್ರಂಕು ಇಳಿಸಿದ. ಆಮೇಲೆ ಒಂದು ಹಾಸಿಗೆ ಸುರುಳಿ, ಒಂದು ಕೊಡ. ಕೊಡದ ಹಿಂದೆ ಬಸ್ಸಿನ ಬಾಗಿಲಿನಿಂದ ಮಾನಮ್ಮ ಇಳಿದಳು.

“ಏನ್ರಿ, ಹಂಗ ಯಾಕ ನಿಂತೀರಿ? ಟ್ರಂಕ್ ಹಿಡೀರಿ” ಎಂದಳು ನಗುತ್ತಾ. “ನನಗ ಗಬ್ಬೂರಿಗಿ ವರ್ಗ ಆಗ್ಯಾದ. ನಾನ ಆಫೀಸಿಗಿ ಹೋಗಿ ಬರೆಸ್ಕೊಂಡು ಬಂದೀನಿ. ಕಲ್ಲೂರಾಗ ನನ್ನ ಜಾಗಕ್ಕ ನಿನ್ನೆನ ಒಬ್ಬಾಕಿ ಬಂದು ಕೂತಳು.”

ವೆಂಕೋಬ ಟ್ರಂಕಿನ ಹಿಡಿಕೆ ಹಿಡಿದವನು ಹಾಗೇ ಬಿಟ್ಟ. “ಒಂದು ಕಾರ್ಡ್ ಹಾಕಬಾರದಿತ್ತೇನು?”

“ಹಾಕಿದ್ರ ನೀವು ಹೋಗಿ ಚೇರ್ಮನ್ನರ ಕೇಳ್ತಿದ್ರಿ. ಅವರ ಹೂಂ ನೋಡಿ, ಊಹೂಂ ನೋಡಿ, ನನ್ನ ತಲಿ ಹಣ್ಣಾಗ್ತಿತ್ತು. ಈ ಊರು ನಿಮ್ಮನ್ನ ಬಿಡಂಗಿಲ್ಲ ಅಂತ ಗೊತ್ತಾತು. ನಾನ ಬಂದುಬಿಟ್ಟೆ.”

ಅವಳ ಮಾತು ಕಿವಿಗೆ ಬೀಳದ ಹುಸೇನಪೀರ ಎದೆ ಉಬ್ಬಿಸಿ ಮುಂದೆ ಬಂದ. “ಮಾಸ್ತರ್ ಸಾಬ್, ಕಾಗದ ಕೊಟ್ಟು ಆಫೀಸಿನ ಠಸ್ಸಿ ಒತ್ತಿಸ್ಕೊಂಡು ಬಂದೀನಿ. ನಿಮ್ಮ ಜಾಗಕ್ಕ ಬ್ಯಾರೆ ಮಾಸ್ತರನ್ನ ಹಾಕೂದೂ ಆತಂತ. ಇನ್ನ ಯಾರ್ ಅಡ್ಡ ಬಂದ್ರೂ ನಿಮ್ಮ ಕಲ್ಲೂರು ತಪ್ಪಂಗಿಲ್ಲ.”

ಮಾನಮ್ಮ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಅವಳಿಗೆ ಎರಡು ಮಾತಿನಲ್ಲಿ ಎಲ್ಲ ತಿಳಿಯಿತು. ಟ್ರಂಕಿನ ಮೇಲೆ ಕೂತುಬಿಟ್ಟಳು. ಬೈಯುತ್ತಾಳೇನೋ ಎಂದು ಅವನು ಕಾದ. ಅವಳು ಬೈಯಲಿಲ್ಲ, ಸೆರಗಿನಿಂದ ಕೊಡದ ಮೇಲಿನ ಧೂಳು ಒರೆಸುತ್ತಾ ಕೂತಳು. ಅದನ್ನು ನೋಡಲಾಗದೆ ವೆಂಕೋಬ ಜಂಬಣ್ಣನವರ ಮನೆಗೆ ಓಡಿದ.

ಜಂಬಣ್ಣ ಕೇಳಿ, ಹಣೆ ಹಣೆ ಬಡಿದುಕೊಂಡರು. “ಅಯ್ಯೋ ಯಪ್ಪಾ! ಮುಂಜಾನಿ ನೀವು ಬಂದಾಗ ಊಹೂಂ ಅಂದಿದ್ದೆ. ಅದನ್ನ ಹಿಡಕೊಂಡು ಒಂದು ದಿನ ಸುಮ್ಮ ಕೂತಿದ್ರ ಆಗ್ತಿತ್ತಲ್ರಿ!”

“ಈಗೂ ಆಗ್ತದ ರೀ. ನೀವು ನಾಳಿ ಆಫೀಸಿಗಿ ಬಂದು, ಮಾಸ್ತರನ್ನ ಬಿಡಂಗಿಲ್ಲ, ಸಹಿ ವಾಪಸ್ ತಗೊಂಡೀನಿ ಅಂದ್ರ ಸಾಕು. ಸಾಹೇಬರು ಕೇಳ್ತಾರ.”

ಜಂಬಣ್ಣ ಬಾಯಿ ತೆರೆದರು. ಅವರ ಇಡೀ ಜೀವ ಹೂಂ ಅನ್ನಲು ಹವಣಿಸುತ್ತಿದ್ದದ್ದು ಮುಖದ ಮೇಲೆ ಕಾಣುತ್ತಿತ್ತು. ಬೇವಿನ ಮರದ ಕೆಳಗೆ ಮತ್ತೆ ಮಂದಿ ಕೂಡತೊಡಗಿದ್ದರು. ಶಾಮೀದಸಾಬ ಬಂದ, ಪಾರ್ವತೆಮ್ಮ ಬಂದಳು. ಕಿಟಕಿಯಲ್ಲಿ ಮೊಮ್ಮಗಳು ನಿಂತಿದ್ದಳು. ಜಂಬಣ್ಣ ಬಾಯಿ ಮುಚ್ಚಿದರು.

“ಇಲ್ರಿ. ಇವತ್ತು ಮಧ್ಯಾಹ್ನ ಊರಿಗೂರ ನೋಡ್ಯಾದ. ಈಗ ಹೊಳ್ಳಿಸಿದ್ರ, ಸಾಯೂತನಕ ನಾ ದುರ್ಬಲನ.”

“ದುರ್ಬಲನ ಛೊಲೊ ಅದ ರೀ!” ವೆಂಕೋಬನಿಗೆ ದನಿ ಒಡೆಯಿತು. “ಹುಣಸಿಹಣ್ಣು, ನಿಂಬಿಹಣ್ಣು, ಮಜ್ಜಿಗಿ, ಎಲ್ಲಾ ದುರ್ಬಲ ಆಮ್ಲನ. ಹೊಳ್ಳಿ ಕೂಡ್ತದಂತನ ಬಾಯಾಗ ಇಡಾಕ ಬರ್ತದ. ಪ್ರಬಲ ಆಮ್ಲ ಮನ್ಯಾಗ ಯಾರ ಇಟ್ಕೊಂತಾರ?”

ಜಂಬಣ್ಣ ಕಿಟಕಿಯಲ್ಲಿದ್ದ ಮೊಮ್ಮಗಳತ್ತ ತಿರುಗಿದರು.

“ಈ ಮಾತು ಮುಂಜಾನಿ ಸಾಲ್ಯಾಗ ಹೇಳಬೇಕಿತ್ತು ಮಾಸ್ತರ” ಎಂದರು.

ಮರುದಿನ ಬಸ್ ಸ್ಟ್ಯಾಂಡಿಗೆ ಇಡೀ ಊರು ಬಂದಿತ್ತು. ಪಾರ್ವತೆಮ್ಮ ಡಬ್ಬಿಯಲ್ಲಿ ಹುಳಿ ಹಾಕಿದ ಸಾರು ಕಟ್ಟಿಕೊಟ್ಟಳು. ಮಕ್ಕಳು ಸಾಲಾಗಿ ನಿಂತು ಅತ್ತರು. ಹಂಪಯ್ಯನವರು ಭಾಷಣ ಮಾಡಿದರು. ಜಂಬಣ್ಣ ರಾತ್ರಿಯಿಡೀ ನಿದ್ದೆ ಮಾಡದ ಕಣ್ಣುಗಳಿಂದ ಒಂದು ದಪ್ಪನೆಯ ಚೆಂಡುಹೂವಿನ ಹಾರ ಹಿಡಿದು ನಿಂತಿದ್ದರು. ಬಸ್ಸು ಹಾರ್ನ್ ಹಾಕಿದಾಗ ಅವರು ಹಾರವನ್ನು ತಾವು ಹಾಕಲಾರದೆ ಸುತ್ತ ನೋಡಿ, ಕೊನೆಗೆ ಮಾನಮ್ಮನ ಕೈಗೆ ಕೊಟ್ಟರು.

“ನೀವೂ ಈಗ ನಮ್ಮೂರ ಟೀಚರಮ್ಮ ಆದ್ರಿ. ಊರ ಪರವಾಗಿ ನೀವ ಹಾಕ್ರಿ.”

ಮಾನಮ್ಮ ಗಂಡನ ಎದುರು ಬಂದು ನಿಂತಳು. ಮದುವೆಯ ದಿನ ಹೀಗೇ ಎದುರು ನಿಂತಾಗ ಅವಳು ನಾಚಿಕೆಯಿಂದ ಮುಖ ಎತ್ತಿರಲಿಲ್ಲ. ಈಗಲೂ ಎತ್ತಲಿಲ್ಲ, ನಾಚಿಕೆಯಿಂದಲ್ಲ. ಅವನು ತಲೆ ತಗ್ಗಿಸಿದ. ಅವಳು ಹಾರ ಹಾಕಿದಳು. ಊರಿಗೆ ಊರೇ ಚಪ್ಪಾಳೆ ತಟ್ಟಿತು.